ತೌಡಿನ ಗಾಳದ ಸಾವ್ಕಾರ್ರು

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದು ಮೊದಲು ಹೇಳಿದವರು ಮಿಲ್ ಸಾವ್ಕಾರ್ರು. ಹೇಳುವಾಗ ಅವರ ಬಾಯಲ್ಲಿ ನೈಲಾನ್ ದಾರವಿತ್ತು. ಮೇಲಿನ ಮುಂದಲ್ಲಿನಲ್ಲಿ ಅಕ್ಕಿಕಾಳು ಕೂರುವಷ್ಟು ಒಂದು ಕಚ್ಚು ಬಿದ್ದಿತ್ತು. ಗಾಳದ ದಾರವನ್ನು ಅದಕ್ಕೇ ಸಿಕ್ಕಿಸಿ ಕಚಕ್ಕನೆ ಕಡಿಯುತ್ತಿದ್ದರು. ಊರಲ್ಲಿ ಯಾರಾದರೂ ಹಲ್ಲಿಗೇನಾಯಿತು ಎಂದು ಕೇಳಿದರೆ, "ಕಬ್ಬು ಸುಲಿಯಾಕ ಹೋಗಿ ಹಿಂಗಾತು" ಎನ್ನುವರು. ನಿಜ ಗೊತ್ತಿದ್ದದ್ದು ನಮ್ಮಪ್ಪನಿಗೆ ಮತ್ತು ನನಗೆ ಮಾತ್ರ.

"ಡಿಗ್ರಿ?" ಎಂದು ದಾರದ ತುಂಡು ಉಗುಳಿದರು. "ಇದು ಆಗೋ ಮಾತಲ್ಲವ್ವಾ. ನಮ್ಮ ಮನ್ಯಾಗ ಮೂರು ಮಂದಿ ಕಾಲೇಜಿಗೆ ಹೋದ್ರು. ಮೂರೂ ಮಂದಿ ನಡುವ ಬಿಟ್ಟು ವಾಪಸ್ ಬಂದ್ರು. ಅವ್ರಿಗೆ ವಾಪಸ್ ಬರಾಕ ಮಿಲ್ಲು ಇತ್ತು. ನಿನಗೇನೈತಿ?"

"ತೆಪ್ಪ ಐತ್ರೀ," ಎಂದೆ.

"ತೆಪ್ಪಕ್ಕ ವಾಪಸ್ ಬರೋದಾದ್ರ ಹೋಗೋದಾದ್ರೂ ಯಾಕ?"

ಅಪ್ಪ ಹುಟ್ಟು ಹಾಕುತ್ತಾ ನಕ್ಕ. ನನಗೆ ನಗು ಬರಲಿಲ್ಲ. ಆಗಷ್ಟೇ ಪಿಯುಸಿ ಪಾಸಾಗಿತ್ತು, ಹೊಸಪೇಟೆಯ ಕಾಲೇಜಿನಲ್ಲಿ ಬಿ.ಎಸ್ಸಿ. ಸೀಟು ಸಿಕ್ಕಿತ್ತು, ಆ ಸುದ್ದಿಯನ್ನು ಅವರಿಗೆ ಹೇಳಬೇಕೆಂದೇ ಆ ಭಾನುವಾರ ತೆಪ್ಪ ಹತ್ತಿದ್ದೆ. ಅವರು ಹೇಳಿದ್ದು ಹೀಯಾಳಿಕೆಯೋ ಎಚ್ಚರಿಕೆಯೋ ಇವತ್ತಿಗೂ ನನಗೆ ಬಗೆಹರಿದಿಲ್ಲ. ಅವರ ವಿಷಯದಲ್ಲಿ ಬಗೆಹರಿಯದ್ದು ಇದೊಂದೇ ಅಲ್ಲ.

ನಾವು ಬೆಸ್ತರು. ಕಂಪ್ಲಿಯ ಹೊಳೆದಂಡೆಯ ಓಣಿಯಲ್ಲಿ ನಮ್ಮ ಮನೆ. ಅಪ್ಪನದು ಬಲೆಯ ಕೆಲಸ, ಅವ್ವ ಸಂತೆಯಲ್ಲಿ ಮೀನು ಮಾರುತ್ತಾಳೆ. ಸಾವ್ಕಾರ್ರದು ಲಿಂಗ ಕಟ್ಟಿದ ಮನೆತನ, ಮೂರು ತಲೆಮಾರಿನ ಅಕ್ಕಿ ಮಿಲ್ಲು. ಅವರ ಮನೆಯ ಅಡುಗೆಮನೆಗೆ ಮೊಟ್ಟೆಯ ಹೆಸರೂ ಹೋಗುವಂತಿಲ್ಲ. ಮಠದ ದಾಸೋಹದಲ್ಲಿ ಸೋಮವಾರ ಸೋಮವಾರ ತಾವೇ ನಿಂತು ಅನ್ನ ಬಡಿಸುತ್ತಿದ್ದರು. ಅಂಥವರು ಪ್ರತಿ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ನಮ್ಮ ಮನೆಯ ಹಿತ್ತಲಿಗೆ ಬಂದು, ಸೂರಿನಲ್ಲಿ ಸಿಕ್ಕಿಸಿಟ್ಟ ಬಿದಿರಿನ ಗಾಳದ ಕೋಲು ಇಳಿಸಿಕೊಂಡು, ನಮ್ಮ ತೆಪ್ಪದಲ್ಲಿ ಹೊಳೆನಡುವಿನ ಗಡ್ಡೆಗೆ ಹೋಗುತ್ತಿದ್ದರು. ಮನೆಯಲ್ಲಿ ಹೇಳಿ ಬರುತ್ತಿದ್ದದ್ದು ಆಚೆ ದಡದ ಗದ್ದೆ ನೋಡಲು ಎಂದು. ಆಚೆ ದಡದಲ್ಲಿ ಅವರ ಗದ್ದೆ ಇದ್ದದ್ದೇನೋ ನಿಜ. ಅವರು ಅದನ್ನು ತೆಪ್ಪದಿಂದಲೇ ನೋಡುತ್ತಿದ್ದರು.

ಹಿಡಿದ ಮೀನನ್ನು ಅವರು ತಿನ್ನುತ್ತಿರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಆದರೆ ನಮಗೂ ಕೊಡುತ್ತಿರಲಿಲ್ಲ. ಮೀನಿನ ತುಟಿಯಿಂದ ಗಾಳ ಬಿಡಿಸಿ, ಅಂಗೈ ಚಾಚಿ ಗೇಣು ಹಾಕಿ ಅಳೆದು, ಎರಡೂ ಕೈಯಲ್ಲಿ ನೀರಿಗೆ ಇಳಿಸಿ, ಅದು ಬಾಲ ಆಡಿಸುವವರೆಗೂ ಹಿಡಿದುಕೊಂಡೇ ಇದ್ದು ಬಿಡುತ್ತಿದ್ದರು. ಅಪ್ಪನಿಗೆ ಇದನ್ನು ನೋಡುವುದೇ ಒಂದು ಹಿಂಸೆ.

"ಸಾವ್ಕಾರ್ರ, ನೀರುನಾಯಿ ಆದ್ರೂ ಹಿಡಿದದ್ದು ತಿಂತಾವ್ರೀ," ಎಂದು ಒಮ್ಮೆ ಅಂದೇಬಿಟ್ಟ.

"ಅವಕ್ಕ ಹಸಿವಾಗಿರ್ತೈತಿ, ಹಿಡೀತಾವ. ನನಗ ಹಸಿವಿಲ್ಲಲೇ."

"ಹಸಿವಿಲ್ಲಂದ್ರ ಯಾಕ ಹಿಡೀತೀರಿ ಮತ್ತ?"

"ಅದನ್ನೇ ನಾನೂ ಕೇಳ್ಕೊಂತ ಕುಂತೀನಿ. ಸುಮ್ಮ ಹುಟ್ಟು ಹಾಕು."

ಈ ಚಟ ಹತ್ತಿದ್ದು ಹಂಪಿಯಲ್ಲಂತೆ. ಹರೆಯದಲ್ಲಿ ಅಲ್ಲಿನ ಒಂದು ಹೋಟೆಲಿಗೆ ಅಕ್ಕಿ ಹಾಕಲು ಹೋದಾಗ, ಬಂಡೆಯ ಮೇಲೆ ಕುಳಿತ ಬಿಳಿಯನೊಬ್ಬ ಗಾಳಕ್ಕೆ ಬಿದ್ದ ಮೀನಿಗೆ ಮುತ್ತು ಕೊಟ್ಟು ನೀರಿಗೆ ಬಿಟ್ಟದ್ದನ್ನು ಕಂಡರಂತೆ. "ಹುಚ್ಚ ಅಂದ್ಕೊಂಡೆ," ಎನ್ನುತ್ತಿದ್ದರು. "ಮುಂದಿನ ವಾರ ನಾನೂ ಹುಚ್ಚ ಆದೆ. ಮುತ್ತು ಕೊಡೋದೊಂದು ಕಲೀಲಿಲ್ಲ ಅಷ್ಟ."

ನಮ್ಮ ಗಡ್ಡೆ ದೊಡ್ಡದೇನಲ್ಲ. ನಾಲ್ಕು ಆನೆಯಷ್ಟು ಬಂಡೆಗಳು, ಒಂದಿಷ್ಟು ಆಪು ಹುಲ್ಲು, ಎರಡು ಜಾಲಿಗಿಡ. ಬಡಗಣ ಮಗ್ಗುಲಲ್ಲಿ ಆಳದ ಮಡು, ತೆಂಕಣಕ್ಕೆ ಮೊಣಕಾಲುದ್ದದ ನೀರು ಮತ್ತು ಮರಳು. ಹೊಳೆ ಬಂದು ಗಡ್ಡೆಗೆ ಬಡಿದು ಎರಡಾಗುವ ಮೂತಿಯಲ್ಲಿ ನೀರು ಸದಾ ಸುತ್ತುತ್ತಿರುತ್ತದೆ. ಸಾವ್ಕಾರ್ರು ತೆಪ್ಪವನ್ನು ಬಂಡೆಗೆ ಕಟ್ಟಿಸಿ, ಮೊದಲು ಒಂದು ಹಿಡಿ ತೌಡು ನೀರಿಗೆ ಎರಚುತ್ತಿದ್ದರು. ಆಮೇಲೆ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮೆಲ್ಲಗೆ ಬೆನ್ನ ಕಡೆಗೆ ಸರಿಸಿಕೊಳ್ಳುವರು. ಕೋಲು ಎತ್ತಿಟ್ಟ ಮೇಲೆ ಅದನ್ನು ಮುಂದಕ್ಕೆ ತಂದು, ಕೈ ತೊಳೆದು, ಕಣ್ಣಿಗೊತ್ತಿಕೊಳ್ಳುವರು. ಇದರ ಬಗ್ಗೆ ನಾವು ಯಾರೂ ಯಾವತ್ತೂ ಮಾತಾಡಲಿಲ್ಲ.

ಗಾಳಕ್ಕೆ ಅವರು ಹಾಕುತ್ತಿದ್ದದ್ದು ತೌಡಿನ ಉಂಡೆ. ತಮ್ಮ ಮಿಲ್ಲಿನ ಸಣ್ಣ ತೌಡಿಗೆ ಬೆಲ್ಲ, ಹುರಿದ ಶೇಂಗಾದ ಪುಡಿ ಹಾಕಿ ಗಟ್ಟಿಯಾಗಿ ನಾದುತ್ತಿದ್ದರು. ಎರೆಹುಳು ಹಾಕಿದರೆ ಬೇರೆ ಬೇರೆ ಮೀನು ಬೀಳುತ್ತವೆ ಎಂದು ಅಪ್ಪ ಒಂದು ಡಬ್ಬಿ ತುಂಬ ತಂದರೆ ಮುಖ ತಿರುಗಿಸಿದರು.

"ಹುಳ ಸಾಯ್ತಾವಲ್ಲೋ."

"ಮೀನಿನ ಬಾಯಿಗೆ ಗಾಳ ಚುಚ್ಚಿದ್ರ ನಡೀತೈತಿ, ಹುಳ ಸತ್ರ ನಡೆಯಂಗಿಲ್ಲೇನ್ರೀ?"

"ಮೀನು ತಿರುಗಿ ಹೊಕ್ಕೈತಿ. ಹುಳ ತಿರುಗಿ ಹೊಕ್ಕೈತೇನು?"

ಅಪ್ಪ ಡಬ್ಬಿಗೆ ಮುಚ್ಚಳ ಹಾಕಿದ. ಹುಳದ ಡಬ್ಬಿ ನಮ್ಮ ಗಾಳಕ್ಕೆ ಬಂತು.

ಒಂದು ಭಾನುವಾರ ದೊಡ್ಡದೊಂದು ರೋಹು ಗಾಳವನ್ನು ಪೂರಾ ನುಂಗಿಬಿಟ್ಟಿತು. ಎಷ್ಟು ನಾಜೂಕಾಗಿ ಬಿಡಿಸಿದರೂ ಅದು ಅವರ ಕೈಯಲ್ಲೇ ಸತ್ತಿತು. ನನಗೆ ಒಳಗೊಳಗೇ ಖುಷಿ. ಆ ವಾರ ಬಲೆಗೆ ಏನೂ ಬಿದ್ದಿರಲಿಲ್ಲ, ಮನೆಯಲ್ಲಿ ಬರೀ ಹುಳಿಸಾರು. ಸಾವ್ಕಾರ್ರು ಆ ಮೀನನ್ನು ಎತ್ತಿಕೊಂಡು ಗಡ್ಡೆಗೆ ಇಳಿದರು. ಜಾಲಿಗಿಡದ ಬುಡದಲ್ಲಿ ಮರಳನ್ನು ಕೈಯಿಂದಲೇ ತೋಡಿದರು. ಹಣೆಯ ವಿಭೂತಿಯನ್ನು ಬೆರಳಿಂದ ಒರೆಸಿ ಅದರ ತಲೆಗೆ ಹಚ್ಚಿದರು. ಅಪ್ಪ ತೆಪ್ಪದಲ್ಲಿ ಎದ್ದು ನಿಂತೇಬಿಟ್ಟ.

"ಸಾವ್ಕಾರ್ರ! ಏನ್ ಮಾಡಾಕ ಹತ್ತೀರಿ? ಎರಡು ಕೇಜಿ ಮೀನ್ರೀ ಅದು!"

"ನನ್ನ ಕೈಯಾಗ ಸತ್ತದ್ದು. ನಿಮ್ಮ ಒಲಿ ಮ್ಯಾಲೆ ಯಾಕ ಬೇಕು?"

"ನಮ್ಮ ಒಲಿಗೆ ಅದೇನು ಗೊತ್ತಾಕ್ಕೈತ್ರೀ!"

ಅವರು ಕೇಳಿಸಿಕೊಳ್ಳದೆ ಮಣ್ಣು ಮುಚ್ಚಿದರು. ವಾಪಸ್ ಬರುವಾಗ ಅವರಿಗೆ ದುಃಖ, ಅಪ್ಪನಿಗೆ ಸಿಟ್ಟು, ನನಗೆ ಹಸಿವು. ದಡ ಮುಟ್ಟಿದ ಮೇಲೆ ತಮ್ಮ ಬುತ್ತಿ ಬಿಚ್ಚಿ, ಜೋಳದ ರೊಟ್ಟಿ, ಪುಂಡಿಪಲ್ಯೆ ಅಷ್ಟನ್ನೂ ನನ್ನ ಕೈಗಿಟ್ಟು ಹೋದರು. ನಾನು ಸಿಟ್ಟಿನಲ್ಲೇ ತಿಂದೆ. ರುಚಿಯಾಗಿತ್ತು, ಅದಕ್ಕೆ ಇನ್ನೂ ಸಿಟ್ಟು ಬಂತು.

ನಾನು ಭಾನುವಾರ ತೆಪ್ಪಕ್ಕೆ ಹೋಗತೊಡಗಿದ್ದು ಅಪ್ಪನ ಬಲಭುಜ ಹಿಡಿದುಕೊಂಡ ಮೇಲೆ. ಹೋಗುವಾಗ ಅಪ್ಪ, ಬರುವಾಗ ನಾನು ಹುಟ್ಟು ಹಾಕುವುದು. ನಡುವೆ ಕೆಲಸವಿಲ್ಲ. ಸಾವ್ಕಾರ್ರೇ ಒಂದು ದಿನ, "ಸುಮ್ಮ ಕುಂತ್ರ ತಲಿ ಕೆಡತೈತಿ. ಬರಕೋ," ಎಂದರು. ಅಲ್ಲಿಂದ ಅವರು ಹೇಳುವುದು, ನಾನು ಬರೆಯುವುದು. "ಗೆಂಡೆ. ಒಂದು ಗೇಣು. ಬಡಗಣ ಮಡು. ನೀರು ರಾಡಿ." "ರೋಹು. ಗೇಣಿನ ಮ್ಯಾಲೆ ನಾಕು ಬೆರಳು. ಮೂತಿ ಕಡೆ." "ಜಿಲೇಬಿ ಮೀನು. ಬರೀಬ್ಯಾಡ, ಸಣ್ಣದು. ಹ್ಞಾಂ, ಬರಿ ಬರಿ, ಪಾಪ ಅದೂ ಬಂದೈತಿ." ಹೀಗೆ ಮೂರು ವರ್ಷದ ಭಾನುವಾರಗಳು ನನ್ನ ನೋಟ್‌ಬುಕ್ಕುಗಳಲ್ಲಿ ತುಂಬಿದವು.

ಆ ಮೂರು ವರ್ಷ ನಾನು ಹೇಗೆ ಓದಿದೆ ಎಂಬುದನ್ನು ನಾನೇ ಹೇಳಿಕೊಳ್ಳುತ್ತೇನೆ, ಬೇರೆ ಯಾರೂ ಹೇಳುವುದಿಲ್ಲ. ಬೆಳಿಗ್ಗೆ ಅವ್ವನ ಜೊತೆ ಮೀನು ಹೆರೆದು, ಆರೂವರೆಯ ಬಸ್ಸಿಗೆ ಹೊಸಪೇಟೆ. ಎಷ್ಟು ಸೋಪು ತಿಕ್ಕಿದರೂ ಕೈಯ ವಾಸನೆ ಹೋಗದು, ಬೆಂಚಿನಲ್ಲಿ ಪಕ್ಕದವರು ಸರಿದು ಕೂರುವರು. ಪುಸ್ತಕವೆಲ್ಲ ಇಂಗ್ಲಿಷು. ಕೆಮಿಸ್ಟ್ರಿ ಮೊದಲ ಸಲ ಹೋಯಿತು, ಎರಡನೇ ಸಲವೂ ಹೋಯಿತು, ಮೂರನೆಯ ಸಲಕ್ಕೆ ಬಂತು. ಹೋದಾಗಲೆಲ್ಲ ಸಾವ್ಕಾರ್ರು, "ನಾ ಹೇಳಿದ್ದೆನೋ ಇಲ್ಲೋ?" ಎನ್ನುವರು. ಬಂದಾಗ, "ಒಂದು ಬಂತು. ಇನ್ನೂ ಭಾಳ ಅದಾವ," ಎನ್ನುವರು. ಗಾಳ ಹಾಕುವ ಮುಂಚೆಯೂ ಅವರದು ಇದೇ ಮಾತು: "ಇವತ್ತು ಒಂದೂ ಬೀಳಂಗಿಲ್ಲ." ಮೀನು ಬೀಳಲಿ ಎಂದೇ ಹಾಗನ್ನುವುದು, ನಿನಗೂ ಹಾಗೇ ಅಂದಿರಬೇಕು ಎಂದು ಅವ್ವ ಸಮಾಧಾನ ಹೇಳುತ್ತಿದ್ದಳು. ಇರಬಹುದು. ಆದರೆ ಮೀನಿಗೆ ಹೇಳುವಾಗ ಅವರ ಕಣ್ಣಲ್ಲಿ ಇರುತ್ತಿದ್ದ ತುಂಟತನ ನನಗೆ ಹೇಳುವಾಗ ಇರುತ್ತಿರಲಿಲ್ಲ.

ಕೊನೆಯ ವರ್ಷ ಪ್ರಾಣಿಶಾಸ್ತ್ರದಲ್ಲಿ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ಉಳಿದವರು ಅಂತರ್ಜಾಲದಿಂದ ಇಳಿಸಿಕೊಂಡರು, ನಾನು ನನ್ನ ನೋಟ್‌ಬುಕ್ಕು ತೆಗೆದೆ. ಗಡ್ಡೆಯ ಸುತ್ತ ಗಾಳಕ್ಕೆ ಬಿದ್ದ ಮೀನುಗಳು, ಯಾವ ಕಾಲದಲ್ಲಿ ಯಾವುದು, ಯಾವ ಮಗ್ಗುಲಲ್ಲಿ ಎಷ್ಟು ಉದ್ದದ್ದು. ಗೇಣನ್ನು ಸೆಂಟಿಮೀಟರಿಗೆ ತಿರುಗಿಸಬೇಕಲ್ಲ, ತೆಪ್ಪದಲ್ಲೇ ಅವರ ಅಂಗೈ ಚಾಚಿಸಿ ಸ್ಕೇಲಿಟ್ಟು ಅಳೆದೆ. ಇಪ್ಪತ್ತೆರಡು. ನಾಲ್ಕು ಬೆರಳು, ಏಳೂವರೆ. "ನನ್ನನ್ನೂ ಮೀನು ಮಾಡಿದ್ಯಲ್ಲವ್ವಾ," ಎಂದು ನಕ್ಕರು. ಆಮೇಲೆ ಗಂಭೀರರಾದರು.

"ನನ್ನ ಹೆಸರು ಬರೀಬ್ಯಾಡ. ತೌಡಿನ ಮಾತೂ ಬರೀಬ್ಯಾಡ. ತೌಡು ಅಂದ್ರ ಮಿಲ್ಲು, ಮಿಲ್ಲು ಅಂದ್ರ ನಾನು. ಕಂಪ್ಲಿಯಾಗ ಅಷ್ಟು ತಿಳೀದವ್ರು ಯಾರೂ ಇಲ್ಲ."

ನಾನು ಮಾತು ಕೊಟ್ಟೆ. 'ಒಬ್ಬ ಹವ್ಯಾಸಿ ಗಾಳಗಾರರು' ಎಂದಷ್ಟೇ ಬರೆದೆ. ಗಾಳಕ್ಕೆ ಏನು ಹಾಕಿದ್ದು ಎಂಬ ಜಾಗವನ್ನು ಬಿಟ್ಟೇಬಿಟ್ಟೆ. ಅಲ್ಲೇ ಸಿಕ್ಕಿಬಿದ್ದೆ.

ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ನನ್ನ ಪಟ್ಟಿಯನ್ನು ಹಿಂದೆ ಮುಂದೆ ತಿರುವಿ ಹಾಕಿದರು. ವಯಸ್ಸಾದವರು, ಮೀನಿನ ಬಗ್ಗೆಯೇ ಓದಿದವರು.

"ಮೂರು ವರ್ಷ ಗಾಳ ಹಾಕಿದ್ದಾರೆ. ಒಂದೇ ಒಂದು ಬಾಳೆಮೀನಿಲ್ಲ, ಒಂದು ಕೊರವ ಇಲ್ಲ. ಎಲ್ಲಾ ಗೆಂಡೆ, ಜಿಲೇಬಿ ಜಾತಿ. ತುಂಗಭದ್ರೆಯಲ್ಲಿ ಇದು ಸಾಧ್ಯವೇನಮ್ಮ?"

ಬಾಳೆಮೀನು, ಕೊರವ ಇವೆಲ್ಲ ಇತರ ಮೀನನ್ನು ಹಿಡಿದು ತಿನ್ನುವ ಜಾತಿ. ಹುಳಕ್ಕೆ, ಸಣ್ಣ ಮೀನಿಗೆ ಬಾಯಿ ಹಾಕುತ್ತವೆ. ತೌಡನ್ನು ಮೂಸಿಯೂ ನೋಡುವುದಿಲ್ಲ. ಬೆಸ್ತರ ಮನೆಯ ಕೂಸಿಗೂ ಗೊತ್ತಿರುವ ಉತ್ತರ. ನನ್ನ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡೆ.

"ಗಾಳಕ್ಕೆ ಏನು ಹಾಕುತ್ತಿದ್ದರು?"

ಸುಮ್ಮನಿದ್ದೆ.

"ಹಿಡಿದವರು ಯಾರು?"

ಸುಮ್ಮನಿದ್ದೆ.

"ಇದು ಮನೆಯಲ್ಲಿ ಕೂತು ಬರೆದದ್ದು," ಎಂದು ಪಟ್ಟಿ ಮುಚ್ಚಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. "ಮುಂದಿನ ಮಂಗಳವಾರ ಹನ್ನೊಂದಕ್ಕೆ ಮತ್ತೆ ಬರುತ್ತೇನೆ, ಇನ್ನೊಂದು ಬ್ಯಾಚ್ ಇದೆ. ಹಿಡಿದವರನ್ನು ಕರೆದುಕೊಂಡು ಬಾ. ಇಲ್ಲವಾದರೆ ನಾನು ಫೇಲ್ ಎಂದೇ ಬರೆಯಬೇಕು."

ಫೇಲ್ ಎಂದರೆ ಇನ್ನೊಂದು ವರ್ಷ. ಅಪ್ಪನ ಭುಜ ಆಗಲೇ ಪೂರಾ ಕೂತುಹೋಗಿತ್ತು. ಇನ್ನೊಂದು ವರ್ಷದ ಓದಿಗೆ ನಮ್ಮ ಮನೆಯಲ್ಲಿ ಜಾಗವಿರಲಿಲ್ಲ. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಮನೆಗೆ ಬಂದು ಎಲ್ಲ ಹೇಳಿದೆ. ಅಪ್ಪ ಬಹಳ ಹೊತ್ತು ಬಲೆಯ ತೂತು ಹೆಣೆಯುತ್ತಾ ಕುಳಿತಿದ್ದ.

"ಹೆಸರು ಹೇಳಿಬಿಡಲೇನಪಾ?"

"ಅವ್ರು ನಮ್ಮನ್ನ ನಂಬಿ ಸೂರಿನ್ಯಾಗ ಕೋಲು ಇಟ್ಟಾರ. ಹೇಳಾಕ ಹಕ್ಕಿರೋದು ಅವ್ರಿಗೊಬ್ರಿಗೇ. ಹೋಗಿ ಕೇಳು."

ಮರುದಿನ ಮಿಲ್ಲಿಗೆ ಹೋದೆ. ಗದ್ದಿಗೆಯ ಮೇಲೆ ಸಾವ್ಕಾರ್ರು, ಸುತ್ತ ದಾಸೋಹ ಸಮಿತಿಯ ನಾಲ್ಕು ಹಿರಿಯರು. ಆ ವರ್ಷ ಇವರನ್ನೇ ಸಮಿತಿಯ ಅಧ್ಯಕ್ಷರನ್ನಾಗಿ ಮಾಡುವ ಮಾತು ನಡೆದಿತ್ತು. ಅವರ ತಂದೆ ಕೂತಿದ್ದ ಜಾಗ ಅದು.

"ಸಾವ್ಕಾರ್ರ, ಸ್ವಲ್ಪ ಹೊರಗ ಬರ್ತೀರೇನ್ರೀ?"

"ಏನಿದ್ರೂ ಇಲ್ಲೇ ಹೇಳು."

ಏನು ಹೇಳಲಿ? ಮಿಲ್ಲಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳದು. "ಮಂಗಳವಾರ ಹನ್ನೊಂದಕ್ಕ ಹೊಸಪೇಟಿ ಕಾಲೇಜಿನ್ಯಾಗ ನನ್ನ ಪರೀಕ್ಷಾ ಐತ್ರೀ. ಮೂರು ವರ್ಷ ನಾ ಬರೆದದ್ದೆಲ್ಲಾ ಸುಳ್ಳು ಅಂದಾರ್ರೀ," ಎಂದಷ್ಟೇ ಹೇಳಿದೆ.

ಹಿರಿಯರಲ್ಲಿ ಒಬ್ಬರು, "ಯಾರ್ರೀ ಈ ಹುಡುಗಿ?" ಎಂದರು.

ಸಾವ್ಕಾರ್ರು ನನ್ನ ಮುಖ ನೋಡಲಿಲ್ಲ. "ಬೆಸ್ತರ ಓಣಿಯಾಕಿ. ತೌಡು ಕೇಳಾಕ ಬಂದಾಳ. ಇವತ್ತು ತೌಡಿಲ್ಲವ್ವಾ, ಹೋಗು."

ಅವರ ಹಿಂದೆ ಗೋಡೆಯುದ್ದಕ್ಕೂ ತೌಡಿನ ಚೀಲಗಳಿದ್ದವು.

ಮನೆಗೆ ಬರುವ ದಾರಿ ಹೇಗೆ ಸವೆಯಿತೋ ಗೊತ್ತಿಲ್ಲ. ಮೂರು ವರ್ಷ ಒಂದೇ ತೆಪ್ಪದಲ್ಲಿ ಕೂತು ಒಂದೇ ಬುತ್ತಿಯ ರೊಟ್ಟಿ ಮುರಿದವರಿಗೆ ನಾನು ಯಾರೋ ಓಣಿಯಾಕಿ. ಆಗದ ಮಾತು ಅಂದಿದ್ದರು, ಆಗದ ಹಾಗೆ ತಾವೇ ಮಾಡಿದರು ಎಂದುಕೊಂಡೆ. ಭಾನುವಾರ ಅವರು ಬರಲಿಲ್ಲ. ಸೂರಿನ ಕೋಲು ಮುರಿದು ಒಲೆಗೆ ಹಾಕಬೇಕೆನ್ನಿಸಿತು. ಅಪ್ಪ ಮುಟ್ಟಗೊಡಲಿಲ್ಲ.

ಮಂಗಳವಾರ ಬಸ್ಸಿನಲ್ಲಿ ಒಬ್ಬಳೇ ಹೋದೆ. ಪ್ರಾಣಿಶಾಸ್ತ್ರದ ಪ್ರಯೋಗಾಲಯದ ಮುಂದೆ, ಮೋಟು ಬೆಂಚಿನ ಮೇಲೆ, ಇಸ್ತ್ರಿ ಮಾಡಿದ ಬಿಳಿ ಧೋತ್ರ, ಬಿಳಿ ಅಂಗಿ, ಹಣೆ ತುಂಬ ವಿಭೂತಿ. ತೊಡೆಯ ಮೇಲೊಂದು ಬಟ್ಟೆಯ ಚೀಲ. ಸಾವ್ಕಾರ್ರು ಕುಳಿತಿದ್ದರು. ಕರಡಿಗೆ ಎದೆಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇತ್ತು. ಕಾಲೇಜಿನ ಗುಮಾಸ್ತರು ಕಂಪ್ಲಿಯವರೇ, ಅವರ ಮುಂದೆ ನಿಂತು, "ಸಾವ್ಕಾರ್ರ, ನೀವು ಇಲ್ಲಿ? ಯಾರ ಅಡ್ಮಿಷನ್ನಿಗೆ ಬಂದೀರಿ?" ಎಂದು ಕೇಳುತ್ತಿದ್ದರು.

"ನನ್ನದೇ," ಎಂದರು ಸಾವ್ಕಾರ್ರು.

ನನ್ನನ್ನು ನೋಡಿ ಎದ್ದು, ನನಗಿಂತ ಮುಂದೆ ಒಳಗೆ ಹೋದರು. ಗುಮಾಸ್ತರು ಬಾಗಿಲಲ್ಲೇ ನಿಂತರು.

ಪರೀಕ್ಷಕರು ಅವರನ್ನು ಮೇಲಿಂದ ಕೆಳಗೆ ನೋಡಿದರು. "ನೀವು ಯಾರು?"

ಸಾವ್ಕಾರ್ರು ಚೀಲ ಬಿಚ್ಚಿ ಪ್ರಯೋಗಾಲಯದ ಮೇಜಿನ ಮೇಲೆ ತೌಡು ಸುರಿದರು. ಬೆಲ್ಲದ ಪುಡಿ, ಶೇಂಗಾ ಪುಡಿ. ನಲ್ಲಿಯಿಂದ ಬೊಗಸೆಯಲ್ಲಿ ನೀರು ತಂದು ನಾದತೊಡಗಿದರು. ಬೋರೆಹಣ್ಣಿನಷ್ಟು ಉಂಡೆ ಮಾಡಿ ಪರೀಕ್ಷಕರ ಮುಂದಿಟ್ಟು, "ಇದಕ್ಕ ಬಾಳಿಮೀನು ಬರ್ತೈತೇನ್ರೀ?" ಎಂದು ಕೇಳಿದರು.

ಪರೀಕ್ಷಕರು ಉಂಡೆಯನ್ನು ಮೂಸಿ ನೋಡಿದರು. ಅವರ ಮುಖ ನಿಧಾನಕ್ಕೆ ಬಿಚ್ಚಿಕೊಂಡಿತು. "ಇಲ್ಲ. ಇದಕ್ಕೆ ಬರುವುದಿಲ್ಲ. ಮೂರು ವರ್ಷವೂ ಇದನ್ನೇ ಹಾಕಿದಿರಾ?"

"ಹುಳ ನಾನು ಮುಟ್ಟಂಗಿಲ್ಲ."

ಪರೀಕ್ಷಕರು ನನ್ನ ವರದಿ ತೆರೆದು ಒಂದು ಪುಟ ಹುಡುಕಿದರು. "ಕೈ ಚಾಚಿ." ಸಾವ್ಕಾರ್ರು ತೌಡು ಮೆತ್ತಿದ ಬಲಗೈ ಮೇಜಿನ ಮೇಲೆ ಅಗಲಿಸಿದರು. ಪರೀಕ್ಷಕರು ಸ್ಕೇಲಿಟ್ಟರು. ಇಪ್ಪತ್ತೆರಡು. ಬೆರಳು ಕೂಡಿಸಿ ಎಂದರು. ಏಳೂವರೆ.

"ಒಂದು ಕೇಳುತ್ತೇನೆ, ತಪ್ಪು ತಿಳಿಯಬೇಡಿ," ಎಂದರು ಪರೀಕ್ಷಕರು, ಅವರ ಎದೆಯ ಕರಡಿಗೆ ನೋಡುತ್ತಾ. "ತಿನ್ನದವರು ನೀವು. ಯಾಕೆ ಹಿಡಿಯುತ್ತೀರಿ?"

ಸಾವ್ಕಾರ್ರು ಗೋಡೆಯ ಕಪಾಟಿನ ಕಡೆ ತಿರುಗಿದರು. ಅಲ್ಲಿ ಗಾಜಿನ ಜಾಡಿಗಳಲ್ಲಿ ಔಷಧಿಯ ನೀರಿನೊಳಗೆ ಬೆಳ್ಳಗಾದ ಮೀನುಗಳು ನಿಂತಿದ್ದವು.

"ಇವನ್ನ ಯಾರೂ ತಿನ್ನಂಗಿಲ್ಲೇನ್ರೀ?"

"ಇಲ್ಲ. ನೋಡಿ ಕಲಿಯಲು ಇಟ್ಟದ್ದು."

"ನೀವು ನೋಡಾಕ ಹಿಡಿದು ಬಾಟ್ಲಿಯಾಗ ಹಾಕ್ತೀರಿ. ನಾನು ನೋಡಾಕ ಹಿಡಿದು ಹೊಳಿಗೆ ಬಿಡ್ತೀನಿ. ನನ್ನ ಯಾಕ ಕೇಳ್ತೀರಿ?"

ಪರೀಕ್ಷಕರು ಜೋರಾಗಿ ನಕ್ಕುಬಿಟ್ಟರು. ಪಕ್ಕದಲ್ಲಿದ್ದ ನಮ್ಮ ಪ್ರಾಣಿಶಾಸ್ತ್ರದ ಮೇಡಂ ನಕ್ಕರು. ಬಾಗಿಲಲ್ಲಿದ್ದ ಗುಮಾಸ್ತರು ಮಾತ್ರ ನಗಲಿಲ್ಲ, ಬಾಯಿ ತೆರೆದು ನಿಂತಿದ್ದರು. ಪರೀಕ್ಷಕರು ಪೆನ್ನು ತೆಗೆದು, ಗಾಳಕ್ಕೆ ಹಾಕಿದ್ದು ಎಂಬ ಖಾಲಿ ಜಾಗವನ್ನು ನನಗೆ ತೋರಿಸಿ, "ಇದನ್ನು ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ ಮಗಳೇ. ಬರಿ," ಎಂದರು. ತೌಡು ಎಂದು ಬರೆದೆ. ಸಾವ್ಕಾರ್ರ ಎದುರಿಗೇ ಬರೆದೆ. ನಾನು ಪಾಸಾದೆ.

ನಾನು ಹೊರಗೆ ಬರುವಷ್ಟರಲ್ಲಿ ಅವರು ಹೋಗಿಯಾಗಿತ್ತು. ಸುದ್ದಿ ಅವರಿಗಿಂತ ಮೊದಲು ಕಂಪ್ಲಿ ಮುಟ್ಟಿತ್ತು.

ಯಾರೂ ಅವರನ್ನು ಬೈಯಲಿಲ್ಲ. ದಾಸೋಹ ಸಮಿತಿಗೆ ಬೇರೆಯವರು ಅಧ್ಯಕ್ಷರಾದರು, ಅಷ್ಟೆ. ಸೋಮವಾರ ಅನ್ನದ ಸಟ್ಟುಗ ಇನ್ನೊಬ್ಬರ ಕೈಗೆ ಹೋಯಿತು. ಸಾವ್ಕಾರ್ರು ಪಂಕ್ತಿಯಲ್ಲಿ ಕುಳಿತು ಉಂಡು ಬಂದರಂತೆ. ಬಜಾರಿನಲ್ಲಿ ಬೆನ್ನ ಹಿಂದೆ 'ಮೀನ್ ಸಾವ್ಕಾರ' ಎಂಬ ಹೆಸರು ಹುಟ್ಟಿತು. ನಾನು ಮಿಲ್ಲಿಗೆ ಹೋಗಿ ಅವರ ಕಾಲು ಮುಟ್ಟಿದ್ದು ನಾಲ್ಕು ದಿನ ಬಿಟ್ಟು. ಅವತ್ತು ಗದ್ದಿಗೆಯ ಸುತ್ತ ಯಾರೂ ಇರಲಿಲ್ಲ.

"ನನ್ನ ಸಲುವಾಗಿ ನಿಮಗ ಹಿಂಗಾತ್ರೀ."

"ನಿನ್ನ ಸಲುವಾಗಿ ಬಂದೆ ಅಂತ ಯಾರು ಹೇಳಿದ್ರು?" ಎಂದು ಗದರಿದರು. "ಮೂರು ವರ್ಷದ ಮೀನು ಸುಳ್ಳು ಅಂದ್ರಲ್ಲ, ಅದಕ್ಕ ಬಂದೆ. ಅಷ್ಟೂ ಮೀನು ನಾ ಬಿಟ್ಟೀನಿ. ಅವು ಅದಾವ ಅನ್ನಾಕ ನಿನ್ನ ಬುಕ್ಕೊಂದೇ ಇತ್ತು."

"ಮತ್ತ ಅವತ್ತು ತೌಡಿಲ್ಲ ಅಂದ್ರಿ?"

ಅವರು ಗೋಡೆಯ ತೌಡಿನ ಚೀಲಗಳ ಕಡೆ ತಿರುಗಿದರು. "ಅವತ್ತು ಇರಲಿಲ್ಲವ್ವಾ," ಎಂದರು. "ಮಂಗಳವಾರ ಮುಂಜಾನಿ ಬಂತು. ಎಲ್ಲಿಂದ ಬಂತು ಕೇಳಬ್ಯಾಡ."

ಗುಟ್ಟು ಬಯಲಾದ ಮೇಲೆ ಇನ್ನೇನು, ಹಗಲೇ ಕೋಲು ಹೆಗಲ ಮೇಲಿಟ್ಟುಕೊಂಡು ಬಜಾರಿನಲ್ಲಿ ಬರುತ್ತಾರೆ ಎಂದು ನಾನೆಣಿಸಿದ್ದೆ. ಅವರು ಬರಲೇ ಇಲ್ಲ. ಅಪ್ಪ ಪ್ರತಿ ಭಾನುವಾರ ತೆಪ್ಪಕ್ಕೆ ನೀರು ಹೊಡೆದು, ಒರೆಸಿ ಕಾಯುತ್ತಿದ್ದ. ಒಂದು ದಿನ ತಡೆಯದೆ ಹೋಗಿ ಕೇಳಿದನಂತೆ. "ನನಗೂ ತಿಳೀವಲ್ದು," ಎಂದರಂತೆ. "ಹೊಂಟು ನಿಂತಿರ್ತೀನಿ, ಚಪ್ಪಲಿ ಹಾಕ್ಕೊಂಡಿರ್ತೀನಿ, ಕಾಲು ಏಳಂಗಿಲ್ಲ." ನನ್ನಿಂದ ಅವರ ಹೊಳೆ ಹೋಯಿತೋ, ಕದ್ದು ಹೋಗುವುದರಲ್ಲೇ ಅವರ ಸುಖವಿತ್ತೋ, ಗೊತ್ತಿಲ್ಲ. ನಾನು ಕಲಿತ ಪ್ರಾಣಿಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ.

ಮುಂದಿನ ಮಳೆಗಾಲದಲ್ಲಿ ಅಣೆಕಟ್ಟಿನ ಗೇಟು ತೆರೆದು, ನಮ್ಮ ಗಡ್ಡೆ ಪೂರಾ ಮುಳುಗಿದ್ದ ವಾರ, ಅವರು ಊಟ ಮಾಡಿ ಮಲಗಿದವರು ಏಳಲಿಲ್ಲ. ಆಗಲೇ ನಾನು ಯಶವಂತನಗರದ ಒಂದು ಶಾಲೆಯಲ್ಲಿ ವಿಜ್ಞಾನ ಹೇಳಲು ಸೇರಿದ್ದೆ. ಸಂಡೂರಿನಲ್ಲಿ ಬಸ್ಸು ಬದಲಿಸಿ ಬರುವಷ್ಟರಲ್ಲಿ ಶವ ಕೂರಿಸುವ ಹೂವಿನ ವಿಮಾನ ಕಟ್ಟಿ ಮೆರವಣಿಗೆ ಹೊರಡಿಸಿದ್ದರು. ಹೂವಿನ ನಡುವೆ ಕುಳಿತ ಅವರ ಬಲಗೈ ಮಾತ್ರ ನನಗೆ ಕಂಡಿತು. ಓಣಿಯ ತುದಿಯಲ್ಲಿ ಅಪ್ಪ ಭುಜ ಹಿಡಿದುಕೊಂಡು ನಿಂತಿದ್ದ.

ಡಿಗ್ರಿ ಸರ್ಟಿಫಿಕೇಟು ಕಾಲೇಜಿಗೆ ಬಂದದ್ದು ಅದಾದ ಮೇಲೆ. ನಮ್ಮ ಓಣಿಗೆ ಅದು ಮೊದಲನೆಯದು. ಅವ್ವ ಅದನ್ನು ಮುಟ್ಟುವ ಮುಂಚೆ ಮೂರು ಸಲ ಕೈ ತೊಳೆದಳು. ಅಪ್ಪ ಮುಟ್ಟಲಿಲ್ಲ. "ಮೊದಲು ಅಲ್ಲಿ ಹೋಗಿ ತೋರಿಸಿ ಬಾ," ಎಂದ. ಎಲ್ಲಿ ಎಂದು ನಾನು ಕೇಳಲಿಲ್ಲ.

ಸಾವ್ಕಾರ್ರ ಮನೆಯೊಳಗೆ ನಾನು ಯಾವತ್ತೂ ಕಾಲಿಟ್ಟಿರಲಿಲ್ಲ. ಅವರ ಹೆಂಡತಿಯನ್ನು ಕಂಡದ್ದೂ ಅದೇ ಮೊದಲು. ಬೈದು ಕಳಿಸುತ್ತಾರೆ ಎಂದು ಬಾಗಿಲಲ್ಲೇ ನಿಂತಿದ್ದೆ. ಯಾರೆಂದು ಹೇಳಿದೆ. "ಒಳಗ ಬಾ," ಎಂದರು. ಸರ್ಟಿಫಿಕೇಟು ಅವರ ಕೈಗೆ ಕೊಟ್ಟೆ. ಸೆರಗಿನಿಂದ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ಹೋಗಿ, ಅಕ್ಷರ ಅಕ್ಷರ ಕೂಡಿಸಿ ನನ್ನ ಹೆಸರು ಓದಿದರು. ಅಪ್ಪನ ಹೆಸರು ಓದಿದರು. ಮತ್ತೆ ಮೇಲಿನಿಂದ ಓದಿದರು. ಅವರು ಅಳುತ್ತಾರೆ ಎಂದುಕೊಂಡೆ, ಅಳಲಿಲ್ಲ. ಸರ್ಟಿಫಿಕೇಟನ್ನು ನನಗೆ ವಾಪಸ್ ಕೊಟ್ಟು, ಬಾಗಿಲ ಮೂಲೆಯಲ್ಲಿದ್ದ ಚಪ್ಪಲಿಗೆ ಕಾಲು ತೂರಿಸಿದರು.

"ಇದನ್ನ ಮೊದಲು ಮನ್ಯಾಗ ಇಟ್ಟು ಬಾ, ತೆಪ್ಪದಾಗ ತೊಯ್ದೀತು," ಎಂದರು. "ಅಷ್ಟು ವರ್ಷ ಅಲ್ಲಿ ಏನು ನೋಡಾಕ ಹೋಗ್ತಿದ್ರು ಅಂತ ನನಗೂ ಒಂದ್ಸಲ ನೋಡಬೇಕು."